30 ಮೀಟರ್ ಕೆಳಗೆ ಗಾಳಿಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದ ಹಾಗೆ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಬಗ್ಗೆ ಪತ್ರಗಳು ಬರಲು ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಸಿಲಿಂಡರ್ ಗಾಳಿಯ ಬಗ್ಗೆಯೇ ಇವೆ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಲೆಕ್ಕ ಸ್ವಲ್ಪ ಇದೆ, ಆದರೆ ಗುಣಾಕಾರ ಭಾಗಾಕಾರ ಬಂದರೆ ಸಾಕು. ಪೆನ್ನು ಹಿಡಿದುಕೊಂಡೇ ಓದಿ.

ಪ್ರಶ್ನೆ: ಹೋದ ವರ್ಷ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಈ ಸೀಸನ್‌ನಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮಾಡಿ 30 ಮೀಟರ್ ಆಳಕ್ಕೆ ಇಳಿಯಬೇಕು ಅಂತಿದೆ. ನನ್ನ ಗೆಳೆಯ, "ಒಂದು ಟ್ಯಾಂಕ್ ಅಂದ್ರೆ ಮುಕ್ಕಾಲು ಗಂಟೆ, ಗೇಜ್ 50 ಬಾರ್ ತೋರಿಸಿದಾಗ ಮೇಲೆ ಬಂದರಾಯ್ತು" ಅನ್ನುತ್ತಾನೆ. ಇದು ಸರಿಯಾ ಸರ್? (ಓದುಗರು, ಶಿರಸಿ)

ನಿಮ್ಮ ಗೆಳೆಯ ಹೇಳಿದ್ದು 10 ಮೀಟರ್ ಆಳಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. 30 ಮೀಟರ್‌ಗೆ ಹೊಂದುವುದಿಲ್ಲ. ಅಲ್ಲಿ ಅದೇ ಮಾತು ನಂಬಿಕೊಂಡರೆ ಅಪಾಯ.

ಮೊದಲು ಒತ್ತಡ ನೋಡೋಣ. ಅದನ್ನು ಅಳೆಯುವುದು ಬಾರ್‌ನಲ್ಲಿ. ನೀರಿನ ಮೇಲೆ 1 ಬಾರ್ ಒತ್ತಡ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಇನ್ನೊಂದು ಬಾರ್ ಸೇರುತ್ತದೆ. ಅಂದರೆ 10 ಮೀಟರ್‌ನಲ್ಲಿ 2, 20ರಲ್ಲಿ 3, 30ರಲ್ಲಿ 4 ಬಾರ್. ಸಿಲಿಂಡರ್‌ನಿಂದ ಬಾಯಿಗೆ ಗಾಳಿ ತರುವ ರೆಗ್ಯುಲೇಟರ್ ನಿಮಗೆ ಗಾಳಿ ಕೊಡುವುದು ಸುತ್ತಲಿನ ನೀರಿನ ಒತ್ತಡದಲ್ಲೇ. ಇಲ್ಲದಿದ್ದರೆ ಎದೆ ಹಿಗ್ಗಿಸಿ ಉಸಿರು ಎಳೆಯಲು ಆಗುವುದೇ ಇಲ್ಲ. ಹಾಗಾಗಿ 30 ಮೀಟರ್‌ನಲ್ಲಿ ಎಳೆದ ಒಂದೊಂದು ಉಸಿರಿಗೂ ಸಿಲಿಂಡರ್‌ನಿಂದ ನಾಲ್ಕು ಪಟ್ಟು ಗಾಳಿ ಹೋಗುತ್ತದೆ. ತೋಟಕ್ಕೆ ನೀರು ಬಿಡುವ ಟ್ಯಾಂಕಿಗೆ ಒಂದರ ಬದಲು ನಾಲ್ಕು ಪೈಪು ಹಚ್ಚಿದ ಹಾಗೆ. ಟ್ಯಾಂಕ್ ಅದೇ, ಬರಿದಾಗುವ ಹೊತ್ತು ಮಾತ್ರ ಬೇರೆ.

ಈಗ ಸಿಲಿಂಡರ್. ನಮ್ಮಲ್ಲಿ ಜಾಸ್ತಿ ಕಾಣುವುದು ಅಲ್ಯೂಮಿನಿಯಂ 80. ಅದರ ಒಳಗಿನ ಜಾಗ 11.1 ಲೀಟರ್, ಲೆಕ್ಕಕ್ಕೆ 11 ಅಂತಿಟ್ಟುಕೊಳ್ಳಿ. 200 ಬಾರ್ ತುಂಬಿದ್ದರೆ 11 × 200 = 2200 ಲೀಟರ್ ಗಾಳಿ. ಆರಾಮಾಗಿ ಈಜುವ ಡೈವರ್‌ಗೆ ನೀರಿನ ಮೇಲಿನ ಒತ್ತಡದ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 20 ಲೀಟರ್ ಬೇಕು ಅನ್ನೋಣ. 10 ಮೀಟರ್‌ನಲ್ಲಿ ಅದು 40 ಲೀಟರ್ ಆಗುತ್ತದೆ. 50 ಬಾರ್ ಉಳಿಸಿದರೆ ಬಳಸಲು ಸಿಗುವುದು 1650 ಲೀಟರ್, ಅಂದರೆ 41 ನಿಮಿಷ. ಗೆಳೆಯರ ಮುಕ್ಕಾಲು ಗಂಟೆ ಬಂದದ್ದು ಇಲ್ಲಿಂದ. 30 ಮೀಟರ್‌ನಲ್ಲಿ ಅದೇ ಮನುಷ್ಯನಿಗೆ ನಿಮಿಷಕ್ಕೆ 80 ಲೀಟರ್ ಬೇಕು. ಆಗ 1650 ಲೀಟರ್ 20 ನಿಮಿಷಕ್ಕೆ ಮುಗಿಯುತ್ತದೆ.

ಆದರೆ ಆ 20 ನಿಮಿಷವೂ ನಿಮ್ಮದಲ್ಲ. ತುಂಬ ಜನ ಲೆಕ್ಕವನ್ನು ಉಲ್ಟಾ ಮಾಡುತ್ತಾರೆ. "ಎಷ್ಟು ಹೊತ್ತು ಇರಬಹುದು" ಅಂತ ಮೊದಲು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಇದು: ಅತಿ ಆಳದ ಜಾಗದಲ್ಲಿ, ಡೈವ್‌ನ ಕೊನೇ ನಿಮಿಷದಲ್ಲಿ ಜೊತೆಗಾರನ ಗಾಳಿ ಪೂರ್ತಿ ನಿಂತುಹೋದರೆ, ನನ್ನ ಒಂದೇ ಸಿಲಿಂಡರ್‌ನಿಂದ ಇಬ್ಬರೂ ಮೇಲೆ ಬರಲು ಎಷ್ಟು ಬೇಕು? ಅದನ್ನು ಎತ್ತಿಟ್ಟ ಮೇಲೆ ಉಳಿದದ್ದು ನಿಮ್ಮ ಡೈವ್. ಇದೊಂದು ತಲೆಯಲ್ಲಿ ಕೂತರೆ ಉಳಿದ ಲೆಕ್ಕವೆಲ್ಲ ತಾನಾಗಿ ಬರುತ್ತದೆ.

ಬನ್ನಿ, ಅದನ್ನೇ ಮಾಡೋಣ. ಗಾಳಿ ಸಿಗದೆ ಗಾಬರಿಯಾದವನು ನಿಮಿಷಕ್ಕೆ 20 ಲೀಟರ್‌ನಲ್ಲಿ ನಿಲ್ಲುವುದಿಲ್ಲ. ಅವನನ್ನು ನೋಡಿ ನಿಮಗೂ ಎದೆ ಹೊಡೆದುಕೊಳ್ಳುತ್ತದೆ. ತಲೆಗೆ 30 ಲೀಟರ್ ಹಿಡಿಯಿರಿ, ಇಬ್ಬರಿಗೆ 60.

ಮೊದಲ ಒಂದು ನಿಮಿಷ ತಳದಲ್ಲೇ ಹೋಗುತ್ತದೆ. ಆಕ್ಟೋಪಸ್ ಅಂದರೆ ಎರಡನೇ ಬಾಯಿತುಂಡು ಕೊಡಬೇಕು, ಅವನು ಉಸಿರಾಡುತ್ತಿದ್ದಾನಾ ನೋಡಬೇಕು, ಕೈ ಹಿಡಿದುಕೊಳ್ಳಬೇಕು. ಅದಕ್ಕೆ 60 × 4 ಬಾರ್ = 240 ಲೀಟರ್. ಆಮೇಲೆ 30ರಿಂದ 5 ಮೀಟರ್‌ವರೆಗೆ ಏರುವುದು. ನಿಮಿಷಕ್ಕೆ 10 ಮೀಟರ್‌ಗಿಂತ ವೇಗ ಬೇಡ, ಹಾಗಾಗಿ ಎರಡೂವರೆ ನಿಮಿಷ, ಲೆಕ್ಕಕ್ಕೆ 3. ಸರಾಸರಿ ಆಳ 17.5 ಮೀಟರ್, ಅಲ್ಲಿ 2.75 ಬಾರ್. 60 × 2.75 × 3 = 495 ಲೀಟರ್. ಮೈಗೆ ಸೇರಿದ ನೈಟ್ರೋಜನ್ ಹೊರಹೋಗಲಿ ಅಂತ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್‌ಗೆ 60 × 1.5 × 3 = 270. ಕೊನೆಯ 5 ಮೀಟರ್‌ಗೆ ಒಂದು ನಿಮಿಷ, 75 ಲೀಟರ್. ಕೂಡಿಸಿ: 1080 ಲೀಟರ್.

ಅದನ್ನು 11ರಿಂದ ಭಾಗಿಸಿದರೆ 98 ಬಾರ್. ನೂರು ಅನ್ನಿ. 200 ಬಾರ್‌ನ ಸಿಲಿಂಡರ್‌ನಲ್ಲಿ ಸರಿಯಾಗಿ ಅರ್ಧ! ಗೇಜ್ 50 ತೋರಿಸುವವರೆಗೆ 30 ಮೀಟರ್‌ನಲ್ಲೇ ಕೂತಿದ್ದರೆ ನಿಮ್ಮ ಬಳಿ 550 ಲೀಟರ್ ಇರುತ್ತದೆ. ಅಷ್ಟರಲ್ಲಿ ಇಬ್ಬರೂ ಗಾಬರಿಯಲ್ಲಿ ಮೇಲೆ ಬರಬೇಕೆಂದರೆ ಅರ್ಧ ದಾರಿಯಲ್ಲೇ ಗಾಳಿ ಮುಗಿಯುತ್ತದೆ. 50 ಬಾರ್ ಅನ್ನುವುದು ದೋಣಿಗೆ ಹತ್ತುವಾಗ ಸಿಲಿಂಡರ್‌ನಲ್ಲಿ ಇರಬೇಕಾದ ಗಾಳಿ. ತಳ ಬಿಡುವ ಗಾಳಿ ಅಲ್ಲ.

ಈಗ ನಿಮ್ಮ ಸಮಯ ಎಷ್ಟು ನೋಡಿ. 200ರಲ್ಲಿ 100 ಎತ್ತಿಟ್ಟಾಯ್ತು. ಇಳಿಯಲು ಎರಡು ನಿಮಿಷ, ಅದಕ್ಕೆ 100 ಲೀಟರ್, ಅಂದರೆ 9 ಬಾರ್. ಉಳಿದದ್ದು 91 ಬಾರ್, ಸುಮಾರು 1000 ಲೀಟರ್. ನಿಮಿಷಕ್ಕೆ 80ರ ಹಾಗೆ 12 ನಿಮಿಷ ಚಿಲ್ಲರೆ. ಮುಕ್ಕಾಲು ಗಂಟೆಯೂ ಅಲ್ಲ, 20 ನಿಮಿಷವೂ ಅಲ್ಲ, 12 ನಿಮಿಷ. ಮೈಗೆ ನೈಟ್ರೋಜನ್ ಅತಿಯಾಗಿ ಸೇರದ ಹಾಗೆ ಎಷ್ಟು ಹೊತ್ತು ಇರಬಹುದು ಅಂತ ಹೇಳುವ ಟೇಬಲ್‌ಗಳಿವೆ. ಡೈವಿಂಗ್ ಕಲಿಸುವ ಪಾಡಿ (PADI) ಸಂಸ್ಥೆಯ ಟೇಬಲ್ ಮಾಮೂಲಿ ಗಾಳಿಯಲ್ಲಿ 30 ಮೀಟರ್‌ಗೆ 20 ನಿಮಿಷ ಕೊಡುತ್ತದೆ, ಇಳಿಯುವ ಹೊತ್ತೂ ಸೇರಿ. ಅಂದರೆ ಒಂದೇ ಸಿಲಿಂಡರ್ ಹಾಕಿಕೊಂಡವನಿಗೆ ನೈಟ್ರೋಜನ್ ಮಿತಿಗಿಂತ ಮೊದಲೇ ಗಾಳಿಯ ಮಿತಿ ಬರುತ್ತದೆ. ಡೈವ್ ಕಂಪ್ಯೂಟರ್ "ಇನ್ನೂ ಟೈಮ್ ಇದೆ" ಅಂತ ತೋರಿಸುತ್ತಿದ್ದರೂ ಮೇಲೆ ಹೊರಡಬೇಕಾಗುತ್ತದೆ.

ಇದು ದೋಣಿ ಎಲ್ಲಿ ಬೇಕಾದರೂ ಬಂದು ನಿಮ್ಮನ್ನು ಎತ್ತಿಕೊಳ್ಳುತ್ತದೆ ಅನ್ನುವಾಗಿನ ಮಾತು. ಲಂಗರಿನ ಹಗ್ಗಕ್ಕೇ ವಾಪಸ್ ಬರಬೇಕು ಅಂತಿದ್ದರೆ ಆ 91 ಬಾರ್‌ನಲ್ಲಿ ಅರ್ಧ ಹೋಗಲು, ಅರ್ಧ ಬರಲು. ಆಗ ಗೇಜ್ 145ರ ಹತ್ತಿರ ಬರುವಾಗಲೇ ತಿರುಗಬೇಕು. ನೇತ್ರಾಣಿ ಸುತ್ತ ಸೆಳೆತ ಇರುವ ದಿನ ಮೊದಲು ಸೆಳೆತಕ್ಕೆ ಎದುರಾಗಿ ಈಜಿ, ಬರುವಾಗ ಅದರ ಜೊತೆಗೆ ಬನ್ನಿ. ಉಲ್ಟಾ ಮಾಡಿದರೆ ಅರ್ಧ-ಅರ್ಧ ಲೆಕ್ಕ ಕೆಡುತ್ತದೆ.

ಇನ್ನೊಂದು ಮಾತು. ಬಾರ್ ನೋಡಿ ಮೋಸ ಹೋಗಬೇಡಿ. 1080 ಲೀಟರ್ ಅನ್ನುವುದು 11 ಲೀಟರ್ ಸಿಲಿಂಡರ್‌ನಲ್ಲಿ 98 ಬಾರ್, 15 ಲೀಟರ್‌ನದ್ದರಲ್ಲಿ 72 ಬಾರ್. ಸಿಲಿಂಡರ್ ಬದಲಾದರೆ ಲೆಕ್ಕ ಹೊಸದಾಗಿ ಮಾಡಬೇಕು. ಗೇಜ್ ಪಿಎಸ್‌ಐಯಲ್ಲಿ ಇದ್ದರೆ 100 ಬಾರ್ ಅಂದರೆ 1450.

ಪ್ರಶ್ನೆ: ನಾನು, ನಮ್ಮ ಮನೆಯವರು ಇಬ್ಬರೂ ಡೈವ್ ಮಾಡುತ್ತೇವೆ. ಪ್ರತಿ ಸಲ ಅವರ ಗಾಳಿ ಮೊದಲು ಮುಗಿಯುತ್ತದೆ, ನನ್ನದು ಉಳಿದಿರುತ್ತದೆ. ನಮ್ಮ ನಮ್ಮ ಖರ್ಚು ಎಷ್ಟು ಅಂತ ಅಳೆಯುವುದು ಹೇಗೆ? (ಓದುಗರು, ಅಂಕೋಲಾ)

ಒಳ್ಳೆಯ ಪ್ರಶ್ನೆ ಅಕ್ಕಾ. ಮೇಲೆ ನಾನು 20 ಲೀಟರ್ ಅಂದದ್ದು ಅಂದಾಜು. ನಿಮ್ಮದು ನೀವೇ ಅಳೆಯಬೇಕು.

10 ಮೀಟರ್ ಆಳದಲ್ಲಿ, ಆಳ ಬದಲಾಯಿಸದೆ, ಮಾಮೂಲಿ ವೇಗದಲ್ಲಿ 10 ನಿಮಿಷ ಈಜಿ. ಶುರುವಿಗೆ ಮತ್ತು ಕೊನೆಗೆ ಗೇಜ್ ಓದಿ ಸ್ಲೇಟಿನ ಮೇಲೆ ಬರೆದುಕೊಳ್ಳಿ. ನಿಮ್ಮವರದು 180ರಿಂದ 140ಕ್ಕೆ ಇಳಿಯಿತು ಅನ್ನೋಣ. 40 ಬಾರ್ × 11 = 440 ಲೀಟರ್, ನಿಮಿಷಕ್ಕೆ 44. ಅಲ್ಲಿ ಒತ್ತಡ 2 ಬಾರ್, ಹಾಗಾಗಿ ಎರಡರಿಂದ ಭಾಗಿಸಿ: 22 ಲೀಟರ್. ನಿಮ್ಮದು 180ರಿಂದ 154ಕ್ಕೆ ಬಂದರೆ 26 × 11 = 286, ನಿಮಿಷಕ್ಕೆ 28.6, ಅರ್ಧ ಮಾಡಿದರೆ 14 ಚಿಲ್ಲರೆ. ಇದು ನಿಮ್ಮ ನಂಬರ್. ಯಾವ ಆಳಕ್ಕೆ ಹೋದರೂ ಅಲ್ಲಿನ ಒತ್ತಡದಿಂದ ಗುಣಿಸಿದರೆ ಮುಗಿಯಿತು. 30 ಮೀಟರ್‌ನಲ್ಲಿ ಅವರಿಗೆ ನಿಮಿಷಕ್ಕೆ 88 ಲೀಟರ್, ಅಂದರೆ 8 ಬಾರ್. ಇದನ್ನು ತಿಳಿದುಕೊಂಡವರು ಗೇಜ್ ನೋಡುವ ಮೊದಲೇ ಅದು ಎಷ್ಟು ತೋರಿಸಬೇಕು ಅಂತ ಹೇಳಬಲ್ಲರು. ಹೇಳಿದ್ದಕ್ಕೂ ಗೇಜಿಗೂ ತಾಳೆ ಬರಲಿಲ್ಲ ಅಂದರೆ ಏನೋ ಸರಿಯಿಲ್ಲ. ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಗೊತ್ತಿಲ್ಲದೆ ಜಾಸ್ತಿ ಏದುತ್ತಿರಬಹುದು.

ಒಂದೇ ದಿನದ ಅಳತೆ ನೆಚ್ಚಬೇಡಿ. ಸೆಳೆತ ಇದ್ದ ದಿನ, ನಿದ್ದೆಗೆಟ್ಟ ದಿನ, ನೀರು ಕಲಕಿದ ದಿನ ಬೇರೆ ಬೇರೆ ನಂಬರ್ ಬರುತ್ತದೆ. ಲೆಕ್ಕಕ್ಕೆ ದೊಡ್ಡದನ್ನೇ ಹಿಡಿಯಿರಿ.

ಇನ್ನು ಅವರ ಗಾಳಿ ಮೊದಲು ಮುಗಿಯುವುದರ ಬಗ್ಗೆ. ಮೈಕಟ್ಟು ದೊಡ್ಡದಿದ್ದರೆ ಗಾಳಿ ಜಾಸ್ತಿ ಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಇಬ್ಬರಲ್ಲಿ ಯಾರು ಮೊದಲು ಮೀಸಲಿಗೆ ಬರುತ್ತಾರೋ ಅವರ ಜೊತೆಗೇ ಇಬ್ಬರ ಡೈವ್ ಮುಗಿಯಬೇಕು. "ನೀವು ಹೋಗಿ, ನಾನು ಇನ್ನೊಂದು ಸುತ್ತು ನೋಡಿ ಬರುತ್ತೇನೆ" ಅನ್ನುವುದು ಬೇಡವೇ ಬೇಡ. ನಿಮ್ಮ ಖರ್ಚು 14 ಇದ್ದರೂ ನಿಮ್ಮ ಸಿಲಿಂಡರ್‌ನಲ್ಲಿ ಎತ್ತಿಡುವುದು ಇಬ್ಬರ ಗಾಳಿ. ಯಾಕೆಂದರೆ ತೊಂದರೆ ಬಂದ ದಿನ ಅವರು ಉಸಿರಾಡುವುದು ನಿಮ್ಮ ಸಿಲಿಂಡರ್‌ನಿಂದ.

ಪ್ರಶ್ನೆ: ಸಿಲಿಂಡರ್‌ನಲ್ಲಿ ಆಕ್ಸಿಜನ್ ತಾನೇ ಇರುವುದು? ನೈಟ್ರಾಕ್ಸ್ ಹಾಕಿಸಿದರೆ ಇನ್ನೂ ಜಾಸ್ತಿ ಹೊತ್ತು ಬರುತ್ತದಂತೆ, ಹೌದಾ? (ಓದುಗರು, ಕಾರವಾರ)

ಮಾಮೂಲಿ ಸಿಲಿಂಡರ್‌ನಲ್ಲಿ ಇರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ. ಸೋಸಿ, ತೇವ ತೆಗೆದು, ಒತ್ತಿ ತುಂಬಿದ್ದು. ನೂರಕ್ಕೆ ಆಕ್ಸಿಜನ್ 21 ಪಾಲು, ಉಳಿದದ್ದು ಹೆಚ್ಚುಕಡಿಮೆ ನೈಟ್ರೋಜನ್. ಶುದ್ಧ ಆಕ್ಸಿಜನ್ ಎಳೆದುಕೊಂಡು 6 ಮೀಟರ್‌ಗಿಂತ ಕೆಳಗೆ ಹೋದರೆ ಫಿಟ್ಸ್ ಬರುವ ಅಪಾಯ ಇದೆ, ನೀರಿನೊಳಗೆ ಫಿಟ್ಸ್ ಬಂದರೆ ಬದುಕುವುದು ಕಷ್ಟ.

ನೈಟ್ರಾಕ್ಸ್ 32 ಅಂದರೆ ಆಕ್ಸಿಜನ್ 32 ಪಾಲು. ನೈಟ್ರೋಜನ್ ಕಮ್ಮಿ ಇರುವುದರಿಂದ ಮೈಗೆ ಸೇರುವುದೂ ಕಮ್ಮಿ, ಟೇಬಲ್ ಜಾಸ್ತಿ ನಿಮಿಷ ಕೊಡುತ್ತದೆ. ಆದರೆ ಗಾಳಿ ಒಂದು ಲೀಟರ್ ಕೂಡ ಉಳಿಯುವುದಿಲ್ಲ. ಉಸಿರಿಗೆ ಬೇಕಾದ ಪ್ರಮಾಣ ಅಷ್ಟೇ. ಮೇಲಿನ 12 ನಿಮಿಷ ನೈಟ್ರಾಕ್ಸ್‌ನಲ್ಲೂ 12 ನಿಮಿಷವೇ. ಜೊತೆಗೆ ಆಳಕ್ಕೊಂದು ಮಿತಿಯೂ ಬರುತ್ತದೆ. ಆಕ್ಸಿಜನ್‌ನ ಒತ್ತಡ 1.4 ಬಾರ್ ದಾಟಬಾರದು ಅಂತ ರೂಢಿ. 1.4 ಅನ್ನು 0.32ರಿಂದ ಭಾಗಿಸಿದರೆ 4.37 ಬಾರ್, ಅಂದರೆ 33 ಮೀಟರ್. ಅದಕ್ಕಿಂತ ಕೆಳಗೆ ಆ ಸಿಲಿಂಡರ್ ಒಯ್ಯಬಾರದು. ನೈಟ್ರಾಕ್ಸ್ ತೆಗೆದುಕೊಂಡರೆ ಅದರಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ಅನಲೈಸರ್ ಹಿಡಿದು ನೀವೇ ನೋಡಿ. ಚೀಟಿ ಅಂಟಿಸಿದ್ದಾರೆ ಅಂತ ಬಿಡಬೇಡಿ.

ಪ್ರಶ್ನೆ: ನಾವು ಚಿಕ್ಕಂದಿನಿಂದ ಉಸಿರು ಕಟ್ಟಿ ಮುಳುಗಿ ಬಂಡೆಯಿಂದ ಚಿಪ್ಪು ತೆಗೆಯುವವರು. ಸ್ಕೂಬಾದಲ್ಲೂ ನಡುನಡುವೆ ಉಸಿರು ಹಿಡಿದರೆ ಗಾಳಿ ಉಳಿಯುವುದಿಲ್ಲವಾ? ಕಲಿಸುವವರು ಬೈಯುತ್ತಾರೆ. (ಓದುಗರು, ಕುಮಟಾ)

ಅವರು ಬೈದದ್ದು ಸರಿ ಅಣ್ಣಾ. ನಿಮಗೆ ಗೊತ್ತಿರುವ ನೀರೇ, ಆದರೆ ಇಲ್ಲಿ ಒಂದು ವಿಷಯ ಪೂರ್ತಿ ಬೇರೆ.

ನೀವು ಉಸಿರು ಕಟ್ಟಿ ಮುಳುಗುವಾಗ ಎದೆಯೊಳಗೆ ಇರುವುದು ಮೇಲೆ ಎಳೆದುಕೊಂಡ ಗಾಳಿ. ಇಳಿದಾಗ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನ ಗಾತ್ರಕ್ಕೇ ಬರುತ್ತದೆ. ಅದಕ್ಕಿಂತ ದೊಡ್ಡದಾಗುವುದಿಲ್ಲ. ಸ್ಕೂಬಾದಲ್ಲಿ 10 ಮೀಟರ್ ಕೆಳಗೆ ಎದೆ ತುಂಬ ಎಳೆದ ಗಾಳಿ 2 ಬಾರ್‌ನದ್ದು. ಅದನ್ನು ಹಿಡಿದುಕೊಂಡೇ ಮೇಲೆ ಬಂದರೆ ಎರಡು ಪಟ್ಟು ಹಿಗ್ಗಬೇಕು, ಶ್ವಾಸಕೋಶದಲ್ಲಿ ಅಷ್ಟು ಜಾಗ ಇಲ್ಲ. ಅದು ಹರಿದು ಗಾಳಿ ಗುಳ್ಳೆ ರಕ್ತಕ್ಕೆ ಸೇರಿದರೆ ಮೆದುಳಿಗೂ ಹೋಗಬಹುದು. ಇದಕ್ಕೆ ಆಳವೇ ಬೇಕಂತಿಲ್ಲ. ಉಸಿರು ಹಿಡಿದವರನ್ನು ಅಲೆ ಎತ್ತಿ ಒಂದೆರಡು ಮೀಟರ್ ಮೇಲಕ್ಕೆ ಹಾಕಿದರೂ ಸಾಕು.

ಗಾಳಿಯೂ ಉಳಿಯುವುದಿಲ್ಲ. ಉಸಿರು ಹಿಡಿದಾಗ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಆಮೇಲೆ ತಲೆ ಸಿಡಿಯುತ್ತದೆ, ಏದುಸಿರು ಬರುತ್ತದೆ, ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. 30 ಮೀಟರ್ ಕೆಳಗೆ ಗಾಳಿಯೇ ದಪ್ಪವಾಗಿರುವುದರಿಂದ ಇದು ಇನ್ನೂ ಕೆಟ್ಟದ್ದು. ನಿಜವಾಗಿ ಉಳಿಸಬೇಕಾ? ನಿಧಾನ ಎಳೆದು, ಪೂರ್ತಿ ಬಿಡಿ. ಸೊಂಟಕ್ಕೆ ಕಟ್ಟುವ ತೂಕ ಬೇಕಾದಷ್ಟೇ ಇರಲಿ, ಜಾಸ್ತಿ ತೂಕ ಇದ್ದರೆ ಕಾಲು ಕೆಳಗೆ ಜೋತುಬಿದ್ದು ಈಜಲು ಶ್ರಮ ಆಗುತ್ತದೆ. ಕೈ ಬೀಸಬೇಡಿ. ನೀರಿಗೆ ಹೆದರದ ನಿಮ್ಮಂಥವರಿಗೆ ಇದು ಬೇಗ ಬರುತ್ತದೆ, ಉಸಿರು ಹಿಡಿಯುವ ಅಭ್ಯಾಸ ಒಂದನ್ನು ಬಿಡಬೇಕು ಅಷ್ಟೇ.

ಪ್ರಶ್ನೆ: 50 ಮೀಟರ್ ಮುಟ್ಟಿ ಬರಬೇಕು ಅಂತ ನಮ್ಮ ಗುಂಪಿಗೆ ಆಸೆ. ಸುಮ್ನೆ ಮುಟ್ಟಿ ತಿರುಗುವುದು, ಅಲ್ಲಿ ಇರುವುದೇನಿಲ್ಲ. ಒಂದು ಸಿಲಿಂಡರ್ ಸಾಕಲ್ವಾ? (ಓದುಗರು, ಹೊನ್ನಾವರ)

ಸಾಲದು ತಮ್ಮಾ. ಮನರಂಜನೆಯ ಡೈವಿಂಗ್‌ಗೆ 40 ಮೀಟರ್ ಕೊನೆ, ಅದೂ ಅದಕ್ಕೆ ಬೇಕಾದ ತರಬೇತಿ ಆದವರಿಗೆ. ಆದರೂ ನಿಮ್ಮ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ.

50 ಮೀಟರ್‌ನಲ್ಲಿ 6 ಬಾರ್. ಇಬ್ಬರ ಮೀಸಲು: ತಳದಲ್ಲಿ ಒಂದು ನಿಮಿಷ 360 ಲೀಟರ್, 5 ಮೀಟರ್‌ವರೆಗೆ ಏರಲು 5 ನಿಮಿಷ, ಸರಾಸರಿ 3.75 ಬಾರ್‌ನಲ್ಲಿ 1125, ಸೇಫ್ಟಿ ಸ್ಟಾಪ್ 270, ಕೊನೆಯದು 75. ಒಟ್ಟು 1830 ಲೀಟರ್, ಅಂದರೆ 166 ಬಾರ್. 200ರಲ್ಲಿ ಉಳಿದದ್ದು 34 ಬಾರ್. ಅದರಲ್ಲಿ ಇಳಿಯಲು 21 ಬಾರ್ ಹೋಯಿತು. ಇನ್ನು 13 ಬಾರ್, ನಿಮಿಷಕ್ಕೆ 120 ಲೀಟರ್‌ನ ಹಾಗೆ ಒಂದು ನಿಮಿಷದ ಗಾಳಿ. ಮಾಸ್ಕಿಗೆ ನೀರು ಬಂತು, ಜೊತೆಗಾರ ಕಾಣಲಿಲ್ಲ ಅಂತ ಎರಡು ನಿಮಿಷ ತಡವಾದರೆ ಮೀಸಲು ಮುರಿದ ಹಾಗೆಯೇ. ಅದರ ಮೇಲೆ 30 ಮೀಟರ್ ದಾಟುವಾಗಿಂದಲೇ ನೈಟ್ರೋಜನ್ ಅಮಲು ಶುರುವಾಗುತ್ತದೆ. 50ರಲ್ಲಿ ಗೇಜ್ ನೋಡಿಯೂ ಅದು ಏನು ಹೇಳುತ್ತಿದೆ ಅಂತ ತಲೆಗೆ ಹೋಗದೇ ಇರಬಹುದು, ಮತ್ತು ಅಮಲೇರಿದ್ದು ಅಮಲೇರಿದವನಿಗೆ ಗೊತ್ತಾಗುವುದಿಲ್ಲ.

ಆ ಆಳಕ್ಕೆ ಹೋಗುವವರು ಎರಡು ದೊಡ್ಡ ಸಿಲಿಂಡರ್ ಬೆನ್ನಿಗೆ ಕಟ್ಟುತ್ತಾರೆ, ಹೀಲಿಯಂ ಸೇರಿಸಿದ ಮಿಶ್ರಣ ಬಳಸುತ್ತಾರೆ, ಏರುವಾಗ ನಿಲ್ಲಬೇಕಾದ ಹಂತಗಳಿಗೆ ಬೇರೆಯೇ ಸಿಲಿಂಡರ್ ಒಯ್ಯುತ್ತಾರೆ. ಅದಕ್ಕೆ ಟೆಕ್ನಿಕಲ್ ಡೈವಿಂಗ್ ಕೋರ್ಸ್‌ಗಳಿವೆ. ಆಸೆ ನಿಜವಾಗಿ ಇದ್ದರೆ ಅದನ್ನು ಕಲಿಯಿರಿ, ವರ್ಷಗಳು ಹಿಡಿಯಲಿ. ಈ ಸೀಸನ್‌ನಲ್ಲಿ ಒಂದು ಸಿಲಿಂಡರ್ ಹಾಕಿಕೊಂಡು ಹೋಗಬೇಡಿ. ಕೈ ಮುಗಿದು ಕೇಳುತ್ತೇನೆ.

ಪ್ರಶ್ನೆ: ದೋಣಿಯಲ್ಲಿ ಸಿಲಿಂಡರ್ 200 ತೋರಿಸುತ್ತಿತ್ತು. ನೀರಿಗೆ ಇಳಿದ ಸ್ವಲ್ಪ ಹೊತ್ತಿಗೇ 190ಕ್ಕಿಂತ ಕೆಳಗೆ ಬಂತು. ಸೋರುತ್ತಿದೆಯಾ? (ಓದುಗರು, ಭಟ್ಕಳ)

ಸೋರಿಕೆ ಇರಬಹುದು, ಆದರೆ ಮೊದಲು ಬಿಸಿಲನ್ನು ಅನುಮಾನಿಸಿ. ಮುರ್ಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಅಷ್ಟು ದೂರವೂ ಸಿಲಿಂಡರ್ ಬಿಸಿಲಲ್ಲೇ ನಿಂತಿದ್ದರೆ ಮುಟ್ಟಲಾಗದಷ್ಟು ಕಾಯುತ್ತದೆ. 200 ಬಾರ್‌ನ ಸಿಲಿಂಡರ್‌ನಲ್ಲಿ ಒಂದು ಡಿಗ್ರಿ ತಣ್ಣಗಾದರೆ ಒತ್ತಡ ಬಾರ್‌ನ ಮೂರನೇ ಎರಡು ಭಾಗ ಇಳಿಯುತ್ತದೆ. 45 ಡಿಗ್ರಿ ಇದ್ದದ್ದು ನೀರಿಗೆ ಬಿದ್ದು 28ಕ್ಕೆ ಬಂದರೆ 11 ಬಾರ್ ಹೋದ ಹಾಗೆ. ಗಾಳಿ ಎಲ್ಲೂ ಹೋಗಿಲ್ಲ, ಮೊದಲು ಗೇಜ್ ತೋರಿಸಿದ್ದೇ ಜಾಸ್ತಿ. ಹಾಗಾಗಿ ದೋಣಿಯಲ್ಲಿ ಕಂಡ 200 ಹಿಡಿದು ಲೆಕ್ಕ ಮಾಡಬೇಡಿ. ನೀರಿಗೆ ಇಳಿದು ತಣ್ಣಗಾದ ಮೇಲೆ ಓದಿದ ಅಂಕಿಯಿಂದ ಲೆಕ್ಕ ಶುರು ಮಾಡಿ. 188 ಇದ್ದರೆ 188ರಿಂದ 100 ಎತ್ತಿಟ್ಟು ಉಳಿದ 88 ಮಾತ್ರ ನಿಮ್ಮದು. ಸಿಲಿಂಡರ್‌ಗಳ ಮೇಲೆ ಒದ್ದೆ ಗೋಣಿ ಹೊದೆಸಿಟ್ಟರೆ ಅಷ್ಟು ಕಾಯುವುದಿಲ್ಲ.

ತಣ್ಣಗಾದ ಮೇಲೂ ಇಳಿಯುತ್ತಲೇ ಇದ್ದರೆ ಮಾತ್ರ ಸೋರಿಕೆ. ಸಿಲಿಂಡರ್ ವಾಲ್ವ್ ಮತ್ತು ರೆಗ್ಯುಲೇಟರ್ ಸೇರುವ ಕಡೆ ಒಂದು ರಬ್ಬರ್ ಓ-ರಿಂಗ್ ಇರುತ್ತದೆ, ಹೆಚ್ಚಾಗಿ ಸೋರುವುದು ಅಲ್ಲೇ. ಜೊತೆಗಾರನಿಗೆ ಹಿಂದಿನಿಂದ ನೋಡಲು ಹೇಳಿ, ಗುಳ್ಳೆ ಸಾಲಾಗಿ ಬರುತ್ತಿದ್ದರೆ ಡೈವ್ ಅಲ್ಲಿಗೇ ನಿಲ್ಲಿಸಿ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಿಲಿಂಡರ್ ತುಂಬುವ ಕಂಪ್ರೆಸರ್‌ನ ಗಾಳಿ ಎಳೆಯುವ ಪೈಪು ಎಲ್ಲಿದೆ ನೋಡಿ. ಅದು ಡೀಸೆಲ್ ಎಂಜಿನ್ ಹೊಗೆಯ ಹತ್ತಿರ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಸಿಲಿಂಡರ್ ಒಳಗೆ ಹೋಗುತ್ತದೆ. ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಕೆಳಗೆ ಹೋದಷ್ಟೂ ಅದರ ಏಟು ಜಾಸ್ತಿ. ಎಣ್ಣೆಯ ವಾಸನೆ ಅಥವಾ ಹೊಗೆ ವಾಸನೆ ಬಂದರಂತೂ ಆ ಸಿಲಿಂಡರ್ ಹಾಕಿಕೊಳ್ಳಲೇಬೇಡಿ, ದುಡ್ಡು ಕೊಟ್ಟಾಗಿದ್ದರೂ ಸರಿ, ದೋಣಿ ದ್ವೀಪ ಮುಟ್ಟಿದ್ದರೂ ಸರಿ. ವಾಸನೆ ಇಲ್ಲ ಅಂದಾಕ್ಷಣ ಚೊಕ್ಕ ಅಂತಲೂ ಅಲ್ಲ. ಹಾಗಾಗಿ ಪೈಪಿನ ಜಾಗವನ್ನು ದಡದಲ್ಲೇ, ಬುಕಿಂಗ್ ಮಾಡುವ ಮೊದಲೇ ಹೋಗಿ ನೋಡಿ. ಒಳ್ಳೆಯ ಡೈವ್ ಸೆಂಟರ್‌ನವರು ಕರೆದುಕೊಂಡು ಹೋಗಿ ತೋರಿಸುತ್ತಾರೆ.